ದಂಡಿನ ಬೀದಿಗಳಲ್ಲಿ

ಊರೊಂದರ ಚರಿತ್ರೆ ಗ್ರಂಥಗಳಲ್ಲಿ ಮಾತ್ರ ಅಡಗಿರುವುದಿಲ್ಲ. ಬೀದಿಗಳ ಹೆಸರಿನಲ್ಲಿ, ಜನರ ಆಡುನುಡಿಯಲ್ಲಿ, ಒಲೆಯ ಮೇಲೆ ಬೇಯುವ ಅಡುಗೆಯಲ್ಲಿಯೂ ಅದು ಉಳಿದಿರುತ್ತದೆ. ಅದನ್ನು ಅರಿಯಬಯಸುವವರು ವಾಹನವನ್ನು ತೊರೆದು ನಡೆಯಬೇಕು. ಬೆಂಗಳೂರಿನ ಪೂರ್ವಕ್ಕಿರುವ ದಂಡು ಪ್ರದೇಶವು ಇದಕ್ಕೆ ಒಳ್ಳೆಯ ನಿದರ್ಶನ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಬ್ರಿಟಿಷರ ಸೈನ್ಯವು ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿಯ ಜ್ವರಬಾಧೆಯನ್ನು ತಾಳಲಾರದೆ 1809ರ ವೇಳೆಗೆ ಅದು ಹಲಸೂರಿನ ಸಮೀಪದಲ್ಲಿ ನೆಲೆಸಿತು. ದಂಡಿಗೆ ಬೇಕಾದ ಸಾಮಗ್ರಿಗಳನ್ನು ಒದಗಿಸಲು ತಮಿಳು, ತೆಲುಗು, ಉರ್ದು ಮಾತನಾಡುವ ವರ್ತಕರೂ ಕುಶಲಕರ್ಮಿಗಳೂ ಬಂದರು. ಕೆಂಪೇಗೌಡನ ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಈ ಎರಡು ನಗರಗಳೂ ಒಂದೇ ನಗರಸಭೆಯ ಅಧೀನಕ್ಕೆ ಬಂದುದು 1949ರಲ್ಲಿ.

ಶಿವಾಜಿನಗರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಂತ ಮೇರಿಯ ಬೆಸಿಲಿಕದ ಎತ್ತರದ ಗೋಪುರ. ಇಂದಿನ ಕಟ್ಟಡವು 1882ರಲ್ಲಿ ಪ್ರತಿಷ್ಠಾಪಿತವಾಯಿತು. ಪ್ರತಿವರ್ಷ ಸೆಪ್ಟೆಂಬರ್ 8ರಂದು ಸೀರೆಯುಟ್ಟ ಮೇರಿಮಾತೆಯ ತೇರು ಸಾಗುವಾಗ ನಾನಾ ಮತಗಳ ಜನರು ಅಲ್ಲಿ ನೆರೆಯುತ್ತಾರೆ.

ಸನಿಹದಲ್ಲೇ ಇರುವುದು 1927ರಲ್ಲಿ ನಿರ್ಮಾಣವಾದ ರಸೆಲ್ ಮಾರುಕಟ್ಟೆ. ಹಣ್ಣಿನ ರಾಶಿ, ಹೂವಿನ ಕಂಪು, ವ್ಯಾಪಾರದ ಗದ್ದಲ ಎಲ್ಲವೂ ಅಲ್ಲಿ ಬೆರೆತಿವೆ. ಒಬ್ಬನೇ ವ್ಯಾಪಾರಿ ಒಬ್ಬರೊಡನೆ ಕನ್ನಡದಲ್ಲಿ, ಮತ್ತೊಬ್ಬರೊಡನೆ ತಮಿಳಿನಲ್ಲಿ, ಇನ್ನೊಬ್ಬರೊಡನೆ ಉರ್ದುವಿನಲ್ಲಿ ಬೆಲೆ ಹೇಳುವುದು ಅಲ್ಲಿ ಸಾಮಾನ್ಯ. 2012ರ ಬೆಂಕಿಯಲ್ಲಿ ಅನೇಕ ಮಳಿಗೆಗಳು ಸುಟ್ಟುಹೋದವು. ಆದರೂ ವ್ಯಾಪಾರಿಗಳು ಎದೆಗುಂದದೆ ಮತ್ತೆ ಅಂಗಡಿಗಳನ್ನು ತೆರೆದರು.

ಸಂಜೆಯಾದಂತೆ ಓಣಿಗಳಲ್ಲಿ ಕೆಂಡದ ಮೇಲೆ ಕಬಾಬು ಸುಡುವ ಕಂಪು ಹರಡುತ್ತದೆ. ರಂಜಾನ್ ಮಾಸದಲ್ಲಿ ಗೋಧಿ, ಬೇಳೆ, ಮಾಂಸಗಳನ್ನು ಗಂಟೆಗಟ್ಟಲೆ ಬೇಯಿಸಿದ ಹಲೀಮ್ ಸಿದ್ಧವಾಗುತ್ತದೆ. ಮಾಂಸಾಹಾರ ಒಲ್ಲದವರಿಗೆ ಬಿಸಿ ಚಹಾ, ಬನ್ನು, ಬಿಸ್ಕತ್ತುಗಳಿವೆ. ದಂಡಿನ ಬಿಳಿಯರಿಗೆ ಬ್ರೆಡ್ಡು, ಬಿಸ್ಕತ್ತುಗಳು ನಿತ್ಯದ ಆಹಾರ. ಇಂದು ಬೆಂಗಳೂರಿನ ಬೇಕರಿಗಳಲ್ಲಿ ಅದೇ ಬಿಸ್ಕತ್ತಿನ ಹಿಟ್ಟಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು ಸೇರಿ ಖಾರದ ಬಿಸ್ಕತ್ತಾಗಿದೆ. ಹೊರಗಿನಿಂದ ಬಂದ ತಿನಿಸು ಇಲ್ಲಿಯ ಮನೆಮಗಳಂತೆ ಒಗ್ಗಿಹೋಗಿದೆ.

ಅಲ್ಲಿಂದ ಪೂರ್ವಕ್ಕೆ ಮುಕ್ಕಾಲು ಗಂಟೆ ನಡೆದರೆ ಹಲಸೂರು. ಹಲಸಿನ ತೋಪಿನಿಂದಾಗಿ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ. ಇಲ್ಲಿಯ ಸೋಮೇಶ್ವರ ದೇವಾಲಯವು ದಂಡು ಬರುವುದಕ್ಕೆ ಶತಮಾನಗಳ ಮೊದಲೇ ಇದ್ದಿತು. ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ದಳದ ಕೇಂದ್ರವು ಇಂದಿಗೂ ಇದೆ. ಹಳೆಯ ಹಳ್ಳಿ, ಬ್ರಿಟಿಷರ ದಂಡು, ಸ್ವತಂತ್ರ ಭಾರತದ ಸೇನೆ ಮೂರರ ಗುರುತುಗಳೂ ಅಲ್ಲಿ ಅಕ್ಕಪಕ್ಕದಲ್ಲಿ ಕಾಣುತ್ತವೆ. ಬೀದಿಬದಿಯ ಹೋಟೆಲಿನ ಬಿಸಿ ಇಡ್ಲಿ ದಣಿದ ಕಾಲುಗಳಿಗೆ ಹುರುಪು ನೀಡುತ್ತದೆ.

ಎರಡು ನಗರಗಳನ್ನು ಒಂದುಗೂಡಿಸಲು ಕಾನೂನಿಗೆ ಒಂದು ದಿನ ಸಾಕಾಯಿತು. ಜನರ ಮನಸ್ಸುಗಳಾದರೋ ಅದಕ್ಕಿಂತ ಬಹಳ ಹಿಂದಿನಿಂದ ಸಂತೆಯ ಮಾತುಕತೆಯಲ್ಲಿ, ಹಬ್ಬದ ಸಂಭ್ರಮದಲ್ಲಿ, ಹಂಚಿ ತಿಂದ ತುತ್ತಿನಲ್ಲಿ ಕೂಡುತ್ತಲೇ ಬಂದಿವೆ. ನೆರೆಯವರ ನುಡಿಯನ್ನೂ ಊಟವನ್ನೂ ಪರಕೀಯವೆಂದು ಬಗೆಯುವವರು ಒಮ್ಮೆ ಈ ಬೀದಿಗಳಲ್ಲಿ ನಡೆದು ನೋಡಬೇಕು. ಇಲ್ಲಿ ಪರಕೀಯವಾದುದನ್ನು ಹುಡುಕುವುದೇ ಕಷ್ಟ.