ಬೀಡಿ ಬಿಟ್ಟರೂ ಒಗ್ಗರಣೆ ಹೊಗೆಗೆ ದಮ್ಮು ಏಕೆ?

ಬಹಳ ವರ್ಷ ಬೀಡಿ ಸೇದಿದವರಿಗೆ ಒಗ್ಗರಣೆ ಹೊಗೆ, ಅರಿಶಿನ ಪಾಲಿಶ್ ಮಾಡುವಾಗ ಏಳುವ ಧೂಳು, ಗೋಪಾಲಸ್ವಾಮಿ ಬೆಟ್ಟದ ಕಡೆಯ ಮಂಜು ಇವೇ ಸಾಕು, ಎದೆ ಬಿಗಿಯುತ್ತದೆ. ಶ್ವಾಸನಾಳ ಅಲ್ಪ ಕಾರಣಕ್ಕೂ ಕುಗ್ಗುವ ಈ ಗುಣವನ್ನು ವೈದ್ಯರು ಅತಿಸಂವೇದನೆ ಎನ್ನುತ್ತಾರೆ.

ಗಿನಿಪಿಗ್‌ಗಳನ್ನು ಸಿಗರೇಟ್ ಹೊಗೆಯಲ್ಲಿಟ್ಟು, ನಂತರ ನಾಳವನ್ನು ಬಿಗಿಗೊಳಿಸುವ ಔಷಧ ಕೊಟ್ಟು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಹಲವು ಪ್ರಯೋಗಗಳಲ್ಲಿ, ಹೊಗೆ ಸೋಕದ ಪ್ರಾಣಿಗಳಿಗಿಂತ ಇವುಗಳ ನಾಳ ಹೆಚ್ಚು ಬಿಗಿಯಿತು. ಹೊಗೆ ನಾಳದ ಒಳಪದರವನ್ನು ಸಡಿಲಗೊಳಿಸಿ ಊತ ತರುತ್ತದೆ. ತಿಂಗಳುಗಟ್ಟಲೆ ಹೊಗೆ ಕುಡಿದವುಗಳ ಗಾಳಿಚೀಲದ ಗೋಡೆಗಳೂ ಒಡೆದವು. ಹೊಗೆ ನಿಲ್ಲಿಸಿದರೂ ಅವು ಕೂಡಿಕೊಳ್ಳಲಿಲ್ಲ.

ಪ್ರಾಣಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹಾಗೆಯೇ ಅನ್ವಯಿಸದು, ನಿಜ. ಆದರೆ ಅಮೆರಿಕ ಮತ್ತು ಕೆನಡಾದ ಸುಮಾರು 5,900 ಧೂಮಪಾನಿಗಳನ್ನು 5 ವರ್ಷ ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟವರ ಶ್ವಾಸಕೋಶದ ಶಕ್ತಿ ನಿಧಾನವಾಗಿ ಕುಗ್ಗಿತ್ತು. ಅತಿಸಂವೇದನೆಯೂ ಸೇದುತ್ತಲೇ ಇದ್ದವರಲ್ಲೇ ಹೆಚ್ಚು ಏರಿತ್ತು. ಆದ್ದರಿಂದ "ಬಿಟ್ಟರೂ ಕೆಮ್ಮು ಹೋಗಲಿಲ್ಲ" ಎಂದು ಮತ್ತೆ ಕಟ್ಟು ಕೊಳ್ಳಬೇಡಿ. ವೈದ್ಯರು ಕೊಟ್ಟ ಇನ್‌ಹೇಲರನ್ನೂ ನೀವಾಗಿ ನಿಲ್ಲಿಸಬೇಡಿ.

ಬಂಧುಗಳೇ, ಅಡುಗೆಯ ಹೊತ್ತಿನಲ್ಲಿ ರೋಗಿಯನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ. ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷದಿಂದ ಎಂಬುದನ್ನು ವೈದ್ಯರಿಗೆ ಸರಿಯಾಗಿ ತಿಳಿಸಿ. ಎರಡು ಕಟ್ಟನ್ನು ಒಂದು ಎನ್ನುವವರೇ ಜಾಸ್ತಿ.