ಮೂರಕ್ಷರದ ಒಂದು ಪದ

ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಉದ್ದನೆಯ ಪದಗಳಿಗೆ ಅಂಜುತ್ತಾರೆ. ಹತ್ತು ಹದಿನೈದು ಅಕ್ಷರಗಳ ಪದವೊಂದು ಎದುರಾದೊಡನೆ ಅದರ ಕೆಳಗೆ ಗೆರೆ ಎಳೆಯುತ್ತಾರೆ. ನಿಘಂಟನ್ನು ತೆರೆದು ನೋಡಿ ಅರ್ಥವನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. ವಾಸ್ತವವಾಗಿ ಅಂತಹ ಪದಗಳು ಬಲು ಸಾಧು. ‘ಫೋಟೊಸಿಂಥೆಸಿಸ್’ ಎಂಬುದನ್ನೇ ತೆಗೆದುಕೊಳ್ಳಿ. ಹಸುರೆಲೆಯು ಸೂರ್ಯನ ಬೆಳಕಿನಲ್ಲಿ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳುವ ಕ್ರಿಯೆಗೆ ಅದು ಹೆಸರು. ಎಲ್ಲಿ ಕಂಡರೂ ಅದೇ ಅರ್ಥ. ಒಮ್ಮೆ ತಿಳಿದರೆ ಜೀವಮಾನಕ್ಕೆ ಸಾಕು. ಎಚ್ಚರದಿಂದಿರಬೇಕಾದುದು ಮೂರು ನಾಲ್ಕು ಅಕ್ಷರಗಳ ಪುಟ್ಟ ಪದಗಳ ವಿಷಯದಲ್ಲಿ. ಅವು ನಮಗೆ ಪರಿಚಿತವೆಂಬ ಭರವಸೆಯಿಂದ ನಾವು ನಿಘಂಟಿನ ಕಡೆ ತಿರುಗಿಯೂ ನೋಡುವುದಿಲ್ಲ.

‘ರನ್’ ಅಂತಹ ಒಂದು ಪದ. ಇಂಗ್ಲಿಷಿನಲ್ಲಿ ಅದನ್ನು ಬರೆಯಲು ಮೂರೇ ಅಕ್ಷರಗಳು ಸಾಕು. ‘ರನ್ ಎಂದರೆ ಓಡು’ ಎಂಬುದು ಪ್ರಾಥಮಿಕ ಶಾಲೆಯಲ್ಲಿಯೇ ಕಂಠಪಾಠವಾಗಿರುತ್ತದೆ. ‘ನನ್ನ ತಂದೆ ಹೋಟೆಲನ್ನು ಓಡುತ್ತಾರೆ’, ‘ಮಗುವಿನ ಮೂಗು ಓಡುತ್ತಿದೆ’ ಎಂಬಂತಹ ಅನುವಾದಗಳನ್ನು ಉತ್ತರಪತ್ರಿಕೆಗಳಲ್ಲಿ ನಾನು ವರ್ಷವರ್ಷವೂ ಕಂಡಿದ್ದೇನೆ. ಓದಿದವರಿಗೆ ನಗು ಬರುವುದು ಸಹಜ. ಆದರೆ ಆ ಹುಡುಗರು ತಮಗೆ ದೊರೆತ ಪದಪಟ್ಟಿಯನ್ನು ಪ್ರಾಮಾಣಿಕವಾಗಿಯೇ ಪಾಲಿಸಿದ್ದರು. ಒಂದು ಪದಕ್ಕೆ ಎದುರಾಗಿ ಒಂದೇ ಅರ್ಥವನ್ನು ಕೊಡುವ ಪಟ್ಟಿ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು.

ಈ ಪದವನ್ನು ಕನ್ನಡಕ್ಕೆ ತರುವಾಗ ನಾವು ಎಷ್ಟು ಬೇರೆ ಬೇರೆ ಕ್ರಿಯಾಪದಗಳ ಮೊರೆಹೋಗಬೇಕಾಗುತ್ತದೆಂಬುದನ್ನು ಗಮನಿಸಿ. ಕುದುರೆ ಓಡುತ್ತದೆ, ಆದರೆ ನದಿ ಹರಿಯುತ್ತದೆ. ಗಡಿಯಾರ ನಡೆಯುತ್ತದೆ. ನೆಗಡಿಯಾದವನ ಮೂಗು ಸೋರುತ್ತದೆ. ಹೊಸ ಬಟ್ಟೆಯನ್ನು ನೀರಿಗೆ ಹಾಕಿದರೆ ಅದರ ಬಣ್ಣ ಬಿಡುತ್ತದೆ. ಬೇಲಿಯು ಹೊಲದ ಅಂಚಿನಲ್ಲಿ ಹಾದುಹೋಗುತ್ತದೆ. ಇವೆಲ್ಲಕ್ಕೂ ಇಂಗ್ಲಿಷಿನವರಿಗೆ ‘ರನ್’ ಒಂದೇ ಸಾಕು. ಜ್ವರದ ವಿಷಯವಂತೂ ಇನ್ನೂ ಸ್ವಾರಸ್ಯಕರವಾದುದು. ನಮ್ಮಲ್ಲಿ ಮನುಷ್ಯನಿಗೆ ಜ್ವರ ಬರುತ್ತದೆ. ಅವನು ಏನನ್ನೂ ಮಾಡುವುದಿಲ್ಲ, ಜ್ವರವೇ ಬರುತ್ತದೆ, ಜ್ವರವೇ ಬಿಡುತ್ತದೆ. ಇಂಗ್ಲಿಷಿನಲ್ಲಾದರೋ ರೋಗಿಯೇ ಕರ್ತೃ. ಅವನು ಜ್ವರವನ್ನು ‘ರನ್’ ಮಾಡುತ್ತಾನೆ! ಹಾಸಿಗೆ ಹಿಡಿದವನಿಗೆ ಇಷ್ಟೊಂದು ಕೆಲಸವನ್ನು ಹೊರಿಸಿದುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇದಕ್ಕೆ ಪುಟ್ಟ ಸಂಗಾತಿಯೊಂದು ಸೇರಿದರೆ ಅರ್ಥ ಮತ್ತೆ ಬದಲಾಗುತ್ತದೆ. ಕ್ರಿಕೆಟ್ ಮೈದಾನದಲ್ಲಿ ‘ರನ್ ಔಟ್’ ಎಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಅದೇ ಎರಡು ಪದಗಳು ಅಡುಗೆಮನೆಗೆ ಬಂದರೆ ಡಬ್ಬಿಯಲ್ಲಿ ಸಕ್ಕರೆ ಮುಗಿದುಹೋಯಿತೆಂದು ಅರ್ಥ. ಕ್ರಿಕೆಟ್ಟಿನಲ್ಲಿಯೇ ಇನ್ನೊಂದು ವಿಚಿತ್ರವುಂಟು. ದಾಂಡಿಗರಿಬ್ಬರು ಓಡಿ ಪರಸ್ಪರ ಸ್ಥಳ ಬದಲಿಸಿದುದರಿಂದ ‘ರನ್’ ಎಂಬ ಎಣಿಕೆ ಹುಟ್ಟಿತು. ಈಗ ಚೆಂಡು ಗಡಿರೇಖೆಯನ್ನು ದಾಟಿದರೆ ದಾಂಡಿಗನು ನಿಂತಲ್ಲಿಯೇ ನಿಂತಿದ್ದರೂ ನಾಲ್ಕು ‘ರನ್’ಗಳು ಲೆಕ್ಕಕ್ಕೆ ಸೇರುತ್ತವೆ. ಓಟವೇ ಇಲ್ಲದ ಓಟ! ಚುನಾವಣೆಯ ವಿಷಯದಲ್ಲಿ ಇಂಗ್ಲಿಷರಿಗೂ ಅಮೆರಿಕನ್ನರಿಗೂ ಮತಭೇದವಿದೆ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ಓಡುತ್ತಾನೆ, ಇಂಗ್ಲೆಂಡಿನವನು ನಮ್ಮವನಂತೆಯೇ ಚುನಾವಣೆಗೆ ನಿಲ್ಲುತ್ತಾನೆ.

ಇಷ್ಟೊಂದು ಅರ್ಥಗಳನ್ನು ಕಲೆಹಾಕುವುದು ನಿಘಂಟುಕಾರರಿಗೆ ಸುಲಭವಾದ ಕಾರ್ಯವಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಭಾಗ 1884ರಲ್ಲಿಯೂ ಕೊನೆಯ ಭಾಗ 1928ರಲ್ಲಿಯೂ ಪ್ರಕಟವಾದುವು. ಅದರ ಪ್ರಧಾನ ಸಂಪಾದಕರಾಗಿದ್ದ ಜೇಮ್ಸ್ ಮರೆಯವರು ಕೆಲಸ ಮುಗಿಯುವ ಮುನ್ನವೇ, 1915ರಲ್ಲಿ, ತೀರಿಕೊಂಡರು. ಸಾವಿರಾರು ಮಂದಿ ವಾಚಕರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಿದರು. ಆ ಚೀಟಿಗಳನ್ನು ವಿಂಗಡಿಸಿ ಅರ್ಥಗಳನ್ನು ನಿರ್ಣಯಿಸಲಾಯಿತು. 1989ರಲ್ಲಿ ಹೊರಬಂದ ಇಪ್ಪತ್ತು ಸಂಪುಟಗಳ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ವಿವರಣೆಯನ್ನು ಪಡೆದಿದ್ದ ಪದ ‘ಸೆಟ್’. ಮುಂದೆ ಪರಿಷ್ಕರಣ ನಡೆದಾಗ ‘ರನ್’ ಅದನ್ನು ಹಿಂದೆ ಹಾಕಿತು. ಪೀಟರ್ ಗಿಲಿವರ್ ಎಂಬ ಸಂಪಾದಕರು ಈ ಒಂದು ಪದಕ್ಕಾಗಿ ಒಂಬತ್ತು ತಿಂಗಳಿಗೂ ಮೀರಿ ದುಡಿದರು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳಿವೆಯೆಂದು 2011ರಲ್ಲಿ ಪ್ರಕಟವಾಯಿತು.

ಈ ಸಮೃದ್ಧಿಯ ಒಂದು ಮೂಲ ಆ ಭಾಷೆಯ ಇತಿಹಾಸದಲ್ಲಿದೆ. ಕನ್ನಡದಲ್ಲಿ ‘ಓಡು’ ಬೇರೆ, ‘ಓಡಿಸು’ ಬೇರೆ. ತಾನೇ ಮಾಡುವುದಕ್ಕೂ ಬೇರೆಯವರಿಂದ ಮಾಡಿಸುವುದಕ್ಕೂ ಇರುವ ಭೇದವನ್ನು ‘ಇಸು’ ಪ್ರತ್ಯಯ ಕಾಪಾಡುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿಯೂ ಹೀಗೆ ಎರಡು ಬೇರೆ ಕ್ರಿಯಾಪದಗಳಿದ್ದುವು. ಕಾಲಕ್ರಮದಲ್ಲಿ ಅವು ಒಂದರೊಳಗೊಂದು ಬೆರೆತುಹೋದುವು. ಆದುದರಿಂದಲೇ ಇಂದು ಇಂಗ್ಲಿಷಿನಲ್ಲಿ ಯಂತ್ರವೂ ‘ರನ್’ ಆಗುತ್ತದೆ, ಯಂತ್ರವನ್ನು ನಡೆಸುವವನೂ ‘ರನ್’ ಮಾಡುತ್ತಾನೆ. ಇಂಗ್ಲಿಷಿನ ಬಂಧುವಾದ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ರಿನ್ನೆನ್’ ಎಂದರೆ ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ಹೀಗಿರುವಲ್ಲಿ, ನದಿಗೆ ಕಾಲುಗಳನ್ನು ಕಲ್ಪಿಸಿ ಕವಿಗಳು ಅದನ್ನು ಓಡಿಸಿದರೆಂದು ಭಾವಿಸಬೇಕಾಗಿಲ್ಲ. ನೀರಿನ ಹರಿವು ಈ ಪದದಲ್ಲಿ ಮೊದಲಿನಿಂದಲೂ ಇದ್ದಿತು. ಅನಂತರ ಉಗಿಯಂತ್ರದ ಯುಗ ಬಂದಿತು. ಗಿರಣಿ, ರೈಲು, ಕಾರ್ಖಾನೆಗಳಿಗೆಲ್ಲ ಕ್ರಿಯಾಪದವೊಂದು ಬೇಕಾದಾಗ ಕೈಗೆ ಸಿಕ್ಕಿದುದು ಇದೇ. ಕಂಪ್ಯೂಟರಿಗೆ ಕೊಟ್ಟ ಆದೇಶಗಳೂ ಈಗ ‘ರನ್’ ಆಗುತ್ತವೆ.

ಇದೆಲ್ಲ ಪಂಡಿತರ ವಿನೋದವೆಂದು ನೀವು ತಿಳಿಯಬಹುದು. ಹಾಗಲ್ಲ. ಒಂದು ಪ್ರಕಟಣೆಯಲ್ಲಿ ‘ತ್ರೀ ಡೇಸ್ ರನ್ನಿಂಗ್’ ಎಂದಿದ್ದರೆ ಎಡೆಬಿಡದೆ ಮೂರು ದಿನವೆಂದು ಅರ್ಥ. ಅಲ್ಲಿ ಓಟವೂ ಇಲ್ಲ, ಓಡುವವರೂ ಇಲ್ಲ. ಗುತ್ತಿಗೆಯ ಪತ್ರವೊಂದು ಐದು ವರ್ಷ ‘ರನ್’ ಆಗುತ್ತದೆಂದರೆ ಅದು ಅಷ್ಟು ಕಾಲ ಜಾರಿಯಲ್ಲಿರುತ್ತದೆಂದು ತಿಳಿಯಬೇಕು. ಇದಕ್ಕಿಂತಲೂ ಮುಖ್ಯವಾದುದು ನಮ್ಮ ದೇಶದ 1963ರ ಲಿಮಿಟೇಷನ್ ಕಾಯಿದೆ, ಎಂದರೆ ದಾವೆ ಹೂಡುವುದಕ್ಕೆ ಕಾಲಮಿತಿಯನ್ನು ವಿಧಿಸುವ ಕಾಯಿದೆ. ಅದರ ಇಂಗ್ಲಿಷ್ ಪಠ್ಯದಲ್ಲಿ ಕಾಲವು ‘ರನ್’ ಆಗುತ್ತದೆ. ಕಾಲದ ಎಣಿಕೆ ಒಮ್ಮೆ ಆರಂಭವಾದರೆ, ಆಮೇಲೆ ಒದಗಿದ ಅಸಾಮರ್ಥ್ಯದ ಕಾರಣದಿಂದ ಅದು ನಿಲ್ಲುವುದಿಲ್ಲವೆಂದು ಅದರ 9ನೆಯ ಕಲಮು ಹೇಳುತ್ತದೆ. ಕೈಸಾಲವಾಗಿ ಕೊಟ್ಟ ಹಣದ ವಸೂಲಿಗೆ ಸಾಮಾನ್ಯವಾಗಿ ಸಾಲ ಕೊಟ್ಟ ದಿನದಿಂದ 3 ವರ್ಷಗಳ ಅವಧಿ. ಸಾಲಗಾರನು ಆ ಅವಧಿಯೊಳಗೆ ತನ್ನ ಸಾಲವನ್ನು ಬರೆಹದಲ್ಲಿ ಒಪ್ಪಿ ರುಜು ಹಾಕಿದರೆ ಎಣಿಕೆ ಹೊಸದಾಗಿ ಮೊದಲಾಗುವುದುಂಟು. ಅಂತಹುದು ಯಾವುದೂ ಇಲ್ಲದೆ, ‘ನಡುವೆ ಒಂದು ವರ್ಷ ಕಾಯಿಲೆ ಮಲಗಿದ್ದೆ’ ಎಂಬ ಕಾರಣವನ್ನೇ ನಂಬಿ ಕುಳಿತರೆ, ಸಾಲ ಕೊಟ್ಟವನು ನ್ಯಾಯಾಲಯದ ಮೆಟ್ಟಿಲನ್ನು ಹತ್ತುವ ಹೊತ್ತಿಗೆ ಅವಧಿ ಕಳೆದುಹೋಗಿರುತ್ತದೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ನೆರೆಯವನ ಕಷ್ಟಕ್ಕೆ ಕೊಟ್ಟ ರೈತನಿಗೆ ಈ ಮೂರಕ್ಷರದ ತಿಳಿವಳಿಕೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ನೀವೇ ಊಹಿಸಿಕೊಳ್ಳಿ.

ಇಂಗ್ಲಿಷ್ ಭಾಷೆಗೆ ಮಾತ್ರ ಇಂತಹ ಅಡ್ಡಾದಿಡ್ಡಿ ಸ್ವಭಾವವಿದೆಯೆಂದು ಹಲವರು ದೂರುತ್ತಾರೆ. ಆದರೆ ಮೇಲೆ ಬಣ್ಣ ಬಿಟ್ಟಿತು, ಜ್ವರ ಬಿಟ್ಟಿತು ಎಂದೆವಲ್ಲ, ಆ ‘ಬಿಡು’ ಎಂಬುದನ್ನು ಸ್ವಲ್ಪ ವಿಚಾರಿಸೋಣ. ಗಿಡ ಹೂ ಬಿಟ್ಟಿತೆಂದರೆ ಹೂ ಬಂದಿತು. ಮಳೆ ಬಿಟ್ಟಿತೆಂದರೆ ಮಳೆ ಹೋಯಿತು. ಒಬ್ಬನು ಗಡ್ಡ ಬಿಟ್ಟಿದ್ದಾನೆ ಎಂದರೆ ಗಡ್ಡ ಬೆಳೆದಿದೆ. ಅವನೇ ಬೀಡಿ ಬಿಟ್ಟಿದ್ದಾನೆ ಎಂದರೆ ಬೀಡಿ ಸೇದುವ ಚಟ ಹೋಗಿದೆ. ಸಂಜೆ ಶಾಲೆ ಬಿಟ್ಟಿತೆಂದರೆ ಮಕ್ಕಳು ಹಿಗ್ಗಿ ಮನೆಗೆ ಬರುತ್ತಾರೆ. ಹುಡುಗ ಶಾಲೆ ಬಿಟ್ಟನೆಂದರೆ ಮನೆಯವರಿಗೆ ಚಿಂತೆ ಹತ್ತುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುತ್ತೇವೆ, ಮುಂಜಾನೆ ದನಗಳನ್ನು ಮೇಯಲು ಬಿಡುತ್ತೇವೆ. ಇನ್ನು ‘ಬಂದುಬಿಟ್ಟ’, ‘ತಿಂದುಬಿಟ್ಟ’ ಎಂಬಲ್ಲಿ ಅದು ತನ್ನ ಸ್ವಂತ ಅರ್ಥವನ್ನು ತೊರೆದು, ಕೆಲಸ ಪೂರ್ತಿಯಾಯಿತೆಂಬುದನ್ನು ಸೂಚಿಸುವ ಸಹಾಯಕ ಪದವಾಗಿ ನಿಂತಿದೆ. ಇವುಗಳಲ್ಲಿ ಯಾವುದಕ್ಕೂ ನಾವು ತಡವರಿಸುವುದಿಲ್ಲ. ಪದವು ಯಾರ ಜೊತೆಯಲ್ಲಿ ಬಂದಿದೆಯೆಂಬುದನ್ನು ನಮ್ಮ ಕಿವಿ ಮೊದಲೇ ಗುರುತಿಸಿರುತ್ತದೆ. ಗಡ್ಡವೋ ಬೀಡಿಯೋ ಎಂಬುದು ತಿಳಿದ ಮೇಲೆ ‘ಬಿಡು’ವಿನ ಅರ್ಥವೂ ತಿಳಿಯಿತು.

ಇದೇ ಪದದ ಎದುರು ಹೊರನಾಡಿನವನೊಬ್ಬ ಕುಳಿತನೆಂದುಕೊಳ್ಳಿ. ಅಂತಹವರಲ್ಲಿ ಪ್ರಸಿದ್ಧರಾದವರು ರೆವರೆಂಡ್ ಫರ್ಡಿನಂಡ್ ಕಿಟೆಲ್. ಜರ್ಮನಿಯಲ್ಲಿ ಹುಟ್ಟಿದ ಅವರು 1853ರಲ್ಲಿ ಕನ್ನಡ ನಾಡಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತು. ಅವರಿಗೆ ಕನ್ನಡವೂ ಮಾತೃಭಾಷೆಯಲ್ಲ, ಇಂಗ್ಲಿಷೂ ಅಲ್ಲ. ಆದುದರಿಂದ ಪದಗಳ ಅರ್ಥವನ್ನಷ್ಟೇ ಕೊಟ್ಟು ಅವರು ಸುಮ್ಮನಾಗಲಿಲ್ಲ. ಹಳೆಯ ಕಾವ್ಯಗಳಲ್ಲಿಯೂ ಜನರ ಗಾದೆಗಳಲ್ಲಿಯೂ ಅವು ಬಂದಿದ್ದ ಸ್ಥಳಗಳನ್ನು ಹುಡುಕಿ ಅರ್ಥದ ಪಕ್ಕದಲ್ಲಿ ಸೇರಿಸುತ್ತ ಹೋದರು. ನಿಮ್ಮ ಶಾಲೆಯ ಗ್ರಂಥಭಂಡಾರದಲ್ಲಿ ಆ ನಿಘಂಟಿದ್ದರೆ ‘ಬಿಡು’ ಎಂಬ ಪದವಿರುವ ಪುಟವನ್ನು ತೆರೆದು ಓದಿ. ಅದರ ಪಕ್ಕದಲ್ಲಿಯೇ ಒಳ್ಳೆಯ ಇಂಗ್ಲಿಷ್ ನಿಘಂಟೊಂದನ್ನು ‘ರನ್’ ಎಂಬಲ್ಲಿ ತೆರೆದಿಟ್ಟುಕೊಳ್ಳಿ.