ಅಕ್ಷರಕ್ಕೊಂದು ಅಂಕೆ

ಒಂದು ಕಾಲದಲ್ಲಿ ನಮ್ಮ ಸಂತೆಗಳಲ್ಲಿ ಧಾನ್ಯವನ್ನು ಸೇರು, ಬಳ್ಳ, ಕೊಳಗಗಳಿಂದ ಅಳೆಯುತ್ತಿದ್ದರು. ಹೆಸರು ಒಂದೇ ಆಗಿದ್ದರೂ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರುತ್ತಿರಲಿಲ್ಲ. ಊರೊಳಗಿನ ವ್ಯವಹಾರಕ್ಕೆ ಇದರಿಂದ ಬಾಧೆಯೇನೂ ಇರಲಿಲ್ಲ. ರೈತನು ರಾಗಿಯನ್ನು ಗಾಡಿಯಲ್ಲಿ ಹೇರಿಕೊಂಡು ಹತ್ತು ಹರದಾರಿ ಆಚೆಯ ಸಂತೆಗೆ ಹೋದಾಗ ಮಾತ್ರ ಜಗಳ ಹುಟ್ಟುತ್ತಿತ್ತು. 1956ರಲ್ಲಿ ಭಾರತ ಸರ್ಕಾರವು ತೂಕ ಮತ್ತು ಅಳತೆಗಳ ಶಾಸನವನ್ನು ಮಾಡಿ, ದೇಶಕ್ಕೆಲ್ಲ ಒಂದೇ ಮಾನವನ್ನು ನಿಗದಿಪಡಿಸಿತು. ಸಂತೆಯ ಆ ಹಳೆಯ ತೊಡಕೇ ಗಣಕಯಂತ್ರದ ಕಾಲದಲ್ಲಿ ಕನ್ನಡದ ಅಕ್ಷರಗಳಿಗೂ ಬಂದೊದಗಿತು.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ತಿಳಿಯುವುದು ಅಂಕೆ ಮಾತ್ರ. ಪರದೆಯ ಮೇಲೆ ‘ಕ’ ಎಂದು ಕಾಣುವುದು ಅದರ ಒಡಲಲ್ಲಿ ಒಂದು ಸಂಖ್ಯೆಯಾಗಿ ನೆಲೆಸಿರುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಮನುಷ್ಯರೇ ಮಾಡಿಕೊಡಬೇಕು. ಒಂದು ಯಂತ್ರವು ಇನ್ನೊಂದಕ್ಕೆ ಒಂದು ಕಾಗದವನ್ನು ಕಳುಹಿಸಿದಾಗ ನಿಜವಾಗಿ ಸಾಗುವುದು ಸಂಖ್ಯೆಗಳ ಸಾಲು. ಪಡೆಯುವ ಯಂತ್ರದಲ್ಲಿ ಬೇರೊಂದು ಪಟ್ಟಿಯಿದ್ದರೆ ಅದು ಬೇರೆಯದನ್ನೇ ಓದುತ್ತದೆ. ತಾನು ತಪ್ಪಾಗಿ ಓದುತ್ತಿದ್ದೇನೆಂಬ ಅರಿವೂ ಅದಕ್ಕಿರುವುದಿಲ್ಲ. ಇದೇ ಇಲ್ಲಿನ ದೊಡ್ಡ ಅಪಾಯ.

1980 ಮತ್ತು 1990ರ ದಶಕಗಳಲ್ಲಿ ಕನ್ನಡ ತಂತ್ರಾಂಶಗಳನ್ನು ರಚಿಸಿದವರು ತಮತಮಗೆ ಅನುಕೂಲವೆನಿಸಿದ ಪಟ್ಟಿಗಳನ್ನು ಮಾಡಿಕೊಂಡಿದ್ದರು. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಆಗಿನ ಒಂದು ಅಕ್ಷರಪಟ್ಟಿಯಲ್ಲಿ ಹೆಚ್ಚೆಂದರೆ 256 ಸ್ಥಾನಗಳು. ಕನ್ನಡದ ಗುಣಿತಾಕ್ಷರಗಳನ್ನೂ ಒತ್ತುಗಳನ್ನೂ ಅಷ್ಟರೊಳಗೆ ಅಡಕಿಸುವ ಸಾಹಸ ಸಾಮಾನ್ಯವಾದುದಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾಗಿದ್ದ ಸ್ಥಾನಗಳನ್ನೂ ಅವರು ಬಳಸಿಕೊಳ್ಳಬೇಕಾಯಿತು. ಇದರ ಪರಿಣಾಮವಾಗಿ, ಒಂದು ಕಚೇರಿಯಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರವನ್ನು ಇನ್ನೊಂದು ಕಚೇರಿಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಹೋದ ಸಾಲುಗಳು ಕಾಣುತ್ತಿದ್ದವು. ಆಗ ಉಳಿದಿದ್ದ ಉಪಾಯವೆಂದರೆ ಮುದ್ರಿತ ಪ್ರತಿಯನ್ನು ತರಿಸಿಕೊಂಡು ಮತ್ತೆ ಬೆರಳಚ್ಚು ಮಾಡುವುದು. ಹೀಗೆ ಮಾಡುವಾಗ ಹೊಸ ತಪ್ಪುಗಳು ನುಸುಳುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಎಲ್ಲರೂ ಒಪ್ಪುವ ಪಟ್ಟಿಯೊಂದು ಬೇಕಾಗಿತ್ತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ‘ಇಸ್ಕಿ’ ಎಂಬ ಸಂಕೇತಪಟ್ಟಿಗೆ ಮನ್ನಣೆ ನೀಡಿತು. ಅದರಲ್ಲಿ ನಾಗರಿಯ ‘ಕ’ಕಾರಕ್ಕೂ ಕನ್ನಡದ ‘ಕ’ಕಾರಕ್ಕೂ 179 ಎಂಬ ಒಂದೇ ಸಂಖ್ಯೆ. ಅದೇ ವರ್ಷ ಗಣಕಯಂತ್ರ ಸಂಸ್ಥೆಗಳ ಒಕ್ಕೂಟವೊಂದು, ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಿರಬೇಕೆಂಬ ಉದ್ದೇಶದಿಂದ ‘ಯೂನಿಕೋಡ್’ ಎಂಬುದನ್ನು ಪ್ರಕಟಿಸಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ, ಒಟ್ಟು 128 ಮನೆಗಳು ದೊರೆತಿವೆ. ‘ಕ’ ಅಕ್ಷರದ ಸಂಖ್ಯೆ 3221. ಇದರಲ್ಲಿ 128ನ್ನು ಕಳೆದರೆ ಬರುವ 3093 ತೆಲುಗಿನ ‘ಕ’. ಎರಡು ಲಿಪಿಗಳ ನೆರೆಹೊರೆ ಈ ಪಟ್ಟಿಯಲ್ಲಿಯೂ ಮುಂದುವರಿದಿದೆ.

ಇಂಥ ಪಟ್ಟಿಗೆ ಇರಬೇಕಾದ ಮೊದಲ ಗುಣ ಸ್ಥಿರತೆ. ಇದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವುಂಟು. ಹಳಗನ್ನಡದ ‘ಬಾೞ್’ ಎಂಬ ಮಾತಿನಲ್ಲಿ ಬರುವ ‘ೞ’ ಅಕ್ಷರವನ್ನು ನಮ್ಮ ವೈಯಾಕರಣರು ರಳವೆಂದು ಕರೆದರು. ಯೂನಿಕೋಡಿನಲ್ಲಿ ಅದರ ಸಂಖ್ಯೆ 3294. ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಹೆಸರು ಕೊಡುವಾಗ ಪ್ರಮಾದವಶಾತ್ ‘ಫ಼’ ಎಂದು ನಮೂದಿಸಿಬಿಟ್ಟರು. ತಪ್ಪು ಗೊತ್ತಾದ ಮೇಲೂ ಆ ಹೆಸರನ್ನು ತೆಗೆಯಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ಒಕ್ಕೂಟದ ಕಟ್ಟುಪಾಡು. ಪಕ್ಕದಲ್ಲಿ ಸರಿಯಾದ ಹೆಸರನ್ನು ಸೇರಿಸಿ ಸುಮ್ಮನಾದರು. ಅದೆಷ್ಟೋ ಯಂತ್ರಗಳು ನೆಚ್ಚಿಕೊಂಡಿರುವ ಪಟ್ಟಿಯನ್ನು ಅಡಿಗಡಿಗೆ ತಿದ್ದುವುದಕ್ಕಿಂತ, ಗೊತ್ತಿರುವ ಒಂದು ತಪ್ಪನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸಲ್ಲವೆ?

ಪಟ್ಟಿ ಒಂದೇ ಆದಮೇಲೆ ತೊಡಕುಗಳೆಲ್ಲ ತೀರಿದವೆಂದು ತಿಳಿಯಬಾರದು. ಕೊಪ್ಪದಲ್ಲಿ ಗಂಗಮ್ಮನೆಂಬ ವೃದ್ಧೆಯೊಬ್ಬಳಿದ್ದಾಳೆಂದು ಭಾವಿಸೋಣ. ಆಕೆಯ ಹೆಸರೂ ಊರೂ ಪಿಂಚಣಿಯ ಪಟ್ಟಿಯಲ್ಲಿವೆ. ಬ್ಯಾಂಕಿನ ಪಟ್ಟಿಯಲ್ಲಿಯೂ ಇವೆ. ಎರಡು ಯಂತ್ರಗಳೂ ಯೂನಿಕೋಡನ್ನೇ ಬಳಸುತ್ತವೆ. ಆದರೂ ಅವುಗಳನ್ನು ತಾಳೆ ನೋಡಿದಾಗ, ಹೆಸರು ಹೊಂದುವುದಿಲ್ಲವೆಂದು ಯಂತ್ರವು ಆಕೆಯ ಹಣವನ್ನು ತಡೆಹಿಡಿಯಬಹುದು. ಕಣ್ಣಿಗೆ ಎರಡೂ ಹೆಸರುಗಳು ಅಕ್ಷರಶಃ ಒಂದೇ! ಕಾರಣವನ್ನು ಹುಡುಕಲು ಸಂಖ್ಯೆಗಳ ಒಳಹೊಕ್ಕು ನೋಡಬೇಕು.

ಮೊದಲನೆಯದು ‘ಕೊಪ್ಪ’ದ ‘ಕೊ’. ಇದರ ಒಕಾರ ಚಿಹ್ನೆಯನ್ನು 3274 ಎಂಬ ಒಂದೇ ಸಂಖ್ಯೆಯಿಂದ ಸೂಚಿಸಬಹುದು. ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿ 3270, 3266 ಎಂದು ಎರಡು ಸಂಖ್ಯೆಗಳಿಂದಲೂ ಸೂಚಿಸಬಹುದು. ಎರಡಕ್ಕೂ ಮಾನ್ಯತೆಯುಂಟು, ಎರಡೂ ಸಮಾನವೆಂದು ಯೂನಿಕೋಡೇ ಹೇಳುತ್ತದೆ. ಆದಕಾರಣ ತಾಳೆ ನೋಡುವುದಕ್ಕೆ ಮೊದಲು ಎರಡು ಪಟ್ಟಿಗಳನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಈ ಏಕರೂಪೀಕರಣವನ್ನು ಯಂತ್ರವು ತಾನಾಗಿಯೇ ಮಾಡಬಲ್ಲದು. ಮಾಡುವಂತೆ ಅದಕ್ಕೆ ಹೇಳಿರಬೇಕು, ಅಷ್ಟೆ.

ಎರಡನೆಯದು ಇದಕ್ಕಿಂತ ಕುಟಿಲವಾದುದು. ‘ಗಂಗಮ್ಮ’ದ ಅನುಸ್ವಾರದ ಸಂಖ್ಯೆ 3202. ಕನ್ನಡದ ಸೊನ್ನೆಯ ಸಂಖ್ಯೆ 3302. ನೋಡಲು ಎರಡೂ ಒಂದು ಉರುಟು ಬಿಂದು. ಅವಸರದಲ್ಲಿ ಬೆರಳಚ್ಚು ಮಾಡುವವರು ಅನುಸ್ವಾರದ ಎಡೆಯಲ್ಲಿ ಸೊನ್ನೆಯನ್ನು ಒತ್ತುವುದುಂಟು. ಆಗ ‘ಗ೦ಗಮ್ಮ’ ಎಂಬ ಹೆಸರಿನ ನಡುವೆ ಒಂದು ಅಂಕೆ ಕುಳಿತುಬಿಡುತ್ತದೆ. ಇದು ಸಮಾನ ರೂಪವಲ್ಲ, ತಪ್ಪೇ ಸರಿ. ಏಕರೂಪೀಕರಣದಿಂದ ಇದು ಹೋಗದು. ಇದಕ್ಕೆ ಪರಿಶೀಲನೆಯ ನಿಯಮವನ್ನೇ ಮಾಡಬೇಕು: ಎರಡು ಅಕ್ಷರಗಳ ನಡುವೆ ಸೊನ್ನೆಯಿದ್ದರೆ ಸಂಶಯಪಡು, ವ್ಯಂಜನವಿಲ್ಲದೆ ಕಾಗುಣಿತದ ಚಿಹ್ನೆ ಬಂದಿದ್ದರೆ ಸಂಶಯಪಡು, ಎಂದು. ಸಂಶಯ ಬಂದುದನ್ನೆಲ್ಲ ಸದ್ದಿಲ್ಲದೆ ತಿದ್ದುವ ಅಧಿಕಾರವನ್ನು ಯಂತ್ರಕ್ಕೆ ಕೊಡುವುದು ಮಾತ್ರ ಉಚಿತವಲ್ಲ. ಜಮೀನಿನ ಸರ್ವೆ ನಂಬರು ‘೧೦ಅ’ ಎಂದಿದ್ದಾಗ ಅಲ್ಲಿರುವುದು ದಿಟವಾದ ಸೊನ್ನೆಯೇ. ಸಂದೇಹದ ನಮೂದುಗಳನ್ನು ಬೇರೆಯಾಗಿ ತೆಗೆದಿರಿಸಿ, ಬಲ್ಲವರ ಕಣ್ಣಿಗೆ ಹಾಕುವುದು ಮೇಲು. ಹಾಗೆ ತೆಗೆದಿರಿಸಿದ ಹೊತ್ತಿನಲ್ಲಿ ಗಂಗಮ್ಮನ ಹಣ ನಿಲ್ಲದಂತೆ ನೋಡಿಕೊಳ್ಳುವುದೂ ಅದೇ ಕೆಲಸದ ಭಾಗ.

ಇಷ್ಟೆಲ್ಲ ಆದ ಮೇಲೂ ಯಂತ್ರವು ಪರಿಶೀಲಿಸಿದ್ದು ಬರಹದ ರೂಪವನ್ನು ಮಾತ್ರ. ಒಂದು ಪಟ್ಟಿಯಲ್ಲಿ ಗಂಗಮ್ಮ, ಇನ್ನೊಂದರಲ್ಲಿ ಗಂಗವ್ವ ಎಂದಿದ್ದರೆ ಎರಡು ಹೆಸರುಗಳೂ ನಿಯಮಕ್ಕೆ ಸರಿಯಾಗಿಯೇ ಇರುತ್ತವೆ. ಅವರಿಬ್ಬರೂ ಒಬ್ಬಳೆಯೋ ಅಲ್ಲವೋ ಎಂಬುದನ್ನು ತಿಳಿಯಲು ಯಾರಾದರೊಬ್ಬರು ಕೊಪ್ಪಕ್ಕೆ ಹೋಗಿ ಆಕೆಯ ಮನೆಯ ಬಾಗಿಲನ್ನು ತಟ್ಟಬೇಕು.